ಕೂಸಿನ ತೂಕ, ಕಾಲ್ಗಡಗದ ತೂಕ

ಶಹಾಡ್, ೧೯೮೪

ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ತಕ್ಕಡಿ ಕೆಟ್ಟಿಲ್ಲ. ದಯವಿಟ್ಟು ಅದನ್ನು ರಿಪೇರಿಯಿಂದ ವಾಪಸು ತರಿಸಿ. ಇಪ್ಪತ್ತಮೂರು ದಿನಗಳಿಂದ ನಮ್ಮ ಭಾಗದ ಬಾಲ ಆರೋಗ್ಯ ಕೇಂದ್ರದಲ್ಲಿ ಒಂದು ಕೂಸನ್ನೂ ತೂಗಿಲ್ಲ. ತೂಗದೆ ಕೂಸಿನ ತೂಕದ ಕಾರ್ಡಿನಲ್ಲಿ ಬರೆಯುವಂತಿಲ್ಲ, ಕಾರ್ಡಿನಲ್ಲಿ ಬರೆಯದೆ ಗುರುವಾರ ಬರುವ ಮಕ್ಕಳ ಡಾಕ್ಟರು ನೋಡುವಂತಿಲ್ಲ. ಹೀಗಾಗಿ ಹದಿನಾಲ್ಕು ತಿಂಗಳ ನನ್ನ ಮೊಮ್ಮಗಳು ಸತ್ಯಭಾಮಾ ಒಂದು ಯಂತ್ರ ಹುಷಾರಾಗಿ ಬರಲಿ ಎಂದು ಕಾಯುತ್ತಿದ್ದಾಳೆ. ಇದನ್ನೆಲ್ಲ ಮರಾಠಿಯಲ್ಲಿ ಬರೆದು ಕೊಟ್ಟಾಗಿದೆ. ಅರ್ಜಿಗೆ ನಂಬರು ಸಿಕ್ಕಿತು, ಉತ್ತರ ಸಿಗಲಿಲ್ಲ. ಆದ್ದರಿಂದ ಈಗ ಕನ್ನಡ ಪತ್ರಿಕೆಯಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬಾರದಿದ್ದರೆ ಚಿಂತೆ ಬೇಡ. ನಿಮ್ಮ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುವ ಮಾಪಣ್ಣ ರಾಯಚೂರಿನವನು, ಓದಿ ಹೇಳುತ್ತಾನೆ.

ತೂಕದ ವಿಷಯದಲ್ಲಿ ಮಾತಾಡಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ನಾನು ಇಪ್ಪತ್ತೆರಡು ವರ್ಷದಿಂದ ಇಲ್ಲಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ಲಾರಿ ತೂಗುವ ಗುಮಾಸ್ತ. ಕಲ್ಲಿದ್ದಲು ತುಂಬಿದ ಲಾರಿ ಬರುತ್ತದೆ, ತೂಗುತ್ತೇನೆ. ಖಾಲಿಯಾಗಿ ಹೊರಡುತ್ತದೆ, ಮತ್ತೆ ತೂಗುತ್ತೇನೆ. ಲಾರಿ, ಟಾರ್ಪಾಲು, ಕ್ಲೀನರನ ಸ್ಟೋವು, ಎಲ್ಲವನ್ನೂ ಕಳೆದು ಉಳಿದದ್ದೇ ಕಲ್ಲಿದ್ದಲು. ಈ ಸಾಮಾನ್ಯ ಲೆಕ್ಕ ನಮ್ಮ ಗೇಟಿನ ವಾಚಮನ್ನನಿಗೂ ಗೊತ್ತು. ನಿಮ್ಮ ಕೇಂದ್ರದಲ್ಲಿ ಮಾತ್ರ ಲಾರಿಯನ್ನೂ ಸೇರಿಸಿ ಕಲ್ಲಿದ್ದಲು ಎಂದು ಬರೆದುಕೊಳ್ಳುತ್ತಾರೆ.

ತಪ್ಪು ನಮ್ಮ ಮನೆಯಲ್ಲೇ ಶುರುವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಸರಕಾರಿ ಜಾಗಕ್ಕೆ ಕೂಸನ್ನು ಬರಿಮೈಯಲ್ಲಿ ಒಯ್ಯುವುದು ನನ್ನ ಹೆಂಡತಿ ಕಾಳವ್ವನಿಗೆ ಆಗದ ಮಾತು. ಸೊಂಟಕ್ಕೆ ಬೆಳ್ಳಿ ಉಡದಾರ, ತಲೆಗೆ ಗೆಜ್ಜೆ ಪೋಣಿಸಿದ ಕುಲಾವಿ. ಮಳೆಗಾಲದಲ್ಲಿ ಕೂಸಿಗೆ ಭೇದಿ ಹತ್ತಿತು. ಸ್ಟೇಷನ್ ಬಳಿಯ ಡಾಕ್ಟರ ಔಷಧದಿಂದ, ಉಪ್ಪು ಸಕ್ಕರೆಯ ನೀರಿನಿಂದ ಅದು ನಿಂತಿತಾದರೂ ಕೂಸು ಸೊರಗಿತು. "ಮಂದಿ ಕಣ್ಣ ಬಿದ್ದೈತಿ, ಒಂದು ತಾಯತಾ ಕಟ್ಟೂಣು" ಎಂದಳು ಕಾಳವ್ವ. ಆಗಸ್ಟಿನಲ್ಲಿ ತಾಯಿತ ಬಂತು, ಸೆಪ್ಟೆಂಬರಿನಲ್ಲಿ ಕೈಗೆ ಬೆಳ್ಳಿಯ ಬಿಂದಲಿ ಬಳೆ ಬಂತು. ಅಕ್ಟೋಬರಿನಲ್ಲಿ ಅವಳ ತಾಯಿಯ ಕಾಲದ ಗಟ್ಟಿ ಬೆಳ್ಳಿಯ ಕಾಲ್ಗಡಗ ಟ್ರಂಕಿನಿಂದ ಎದ್ದು ಬಂತು. ಕೂಸು ಇಳಿದಷ್ಟೂ ಬೆಳ್ಳಿ ಏರಿತು. ಕಾರ್ಡಿನ ಗೆರೆಯೂ ತಿಂಗಳು ತಿಂಗಳು ಮೇಲೇರಿತು. ನಿಮ್ಮ ನರ್ಸಬಾಯಿ ನಗುತ್ತಾ, "ಆಜೋಬಾ, ವಜನ್ ಛಾನ್ ವಾಢತಯ!" ಎಂದರು. ತೂಕ ಚೆನ್ನಾಗಿ ಏರುತ್ತಿದೆಯಂತೆ! ನಾನೂ ಹಲ್ಲು ಕಿರಿದು ಕಾರ್ಡು ಜೇಬಿಗಿಟ್ಟುಕೊಂಡೆ. ಅಂದು ನಾನು ತೂಕದ ಗುಮಾಸ್ತ ಎಂಬುದು ನನಗೇ ನೆನಪಾಗಲಿಲ್ಲ.

ಸೊಸೆ ನೀಲಗಂಗಾ ಮಾತ್ರ ಒಪ್ಪಲಿಲ್ಲ. "ಮಾವಾರ, ಕೂಸು ಹಗರ ಆಗೇತ್ರಿ. ಜಳಕಾ ಮಾಡಿಸುವಾಗ ನನ್ನ ಕೈಗೆ ಗೊತ್ತಾಗ್ತೈತಿ" ಎಂದಳು. "ಕಾರ್ಡಿನ್ಯಾಗ ಸರಕಾರ ಬರದೈತವ್ವಾ" ಎಂದು ನಾನು ಗದರಿದೆ. ಆದರೂ ಮನಸ್ಸು ತಡೆಯದೆ ಒಂದು ಭಾನುವಾರ ಕೂಸನ್ನು ಕಾರ್ಖಾನೆಗೆ ಎತ್ತಿಕೊಂಡು ಹೋಗಿ, ಪಾರ್ಸೆಲ್ ತೂಗುವ ಸಣ್ಣ ಕಾಟಾದ ಮೇಲೆ ಕೂರಿಸಿದೆ. ಎಂಟು ಕಿಲೋ, ಕಾರ್ಡಿನಲ್ಲಿ ಇದ್ದಷ್ಟೇ. ಆಮೇಲೆ ಸ್ವೆಟರು, ಕುಲಾವಿ, ಉಡದಾರ, ಬಿಂದಲಿ, ತಾಯಿತ, ಕಾಲ್ಗಡಗ ಒಂದೊಂದಾಗಿ ಬಿಚ್ಚಿ ಮತ್ತೆ ಕೂರಿಸಿದೆ. ಆರೂಮುಕ್ಕಾಲು. ಅವಳು ಕಾಟಾದ ತಣ್ಣನೆಯ ತಗಡನ್ನು ತಟ್ಟಿ ನಗುತ್ತಿದ್ದಳು. ನನಗೆ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಕಲ್ಲಿದ್ದಲಿಗೆ ತೋರಿಸಿದ ಎಚ್ಚರವನ್ನು ಈ ಜೀವಕ್ಕೆ ತೋರಿಸಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮಂಗಳವಾರ ನಿಮ್ಮ ಕೇಂದ್ರಕ್ಕೆ ಓಡಿದೆವು. ಈ ಸಲ ಕೂಸಿನ ಮೈಮೇಲೆ ಒಂದು ಲಂಗೋಟಿ, ಅಷ್ಟೇ. ಕಾಳವ್ವ ಸಿಟ್ಟಿನಲ್ಲಿ ಬಾಗಿಲಾಚೆ ನಿಂತಿದ್ದಳು. ಮುಳ್ಳು ಆರೂಮುಕ್ಕಾಲಿಗೆ ನಿಂತಿತು. ನರ್ಸಬಾಯಿ ಕಾರ್ಡು ನೋಡಿದರು, ಮುಳ್ಳು ನೋಡಿದರು, "ಆಠ ದಿವಸಾತ್ ಸವ್ವಾ ಕಿಲೋ ಕಮೀ? ಕಾಟಾ ಬಿಘಡಲಾ!" ಎಂದರು. ಎಂಟು ದಿನದಲ್ಲಿ ಒಂದೂಕಾಲು ಕಿಲೋ ಇಳಿಯುವುದು ಅಸಾಧ್ಯ, ಆದ್ದರಿಂದ ತಕ್ಕಡಿಯೇ ಕೆಟ್ಟಿದೆ! ನಾನು ಆಭರಣದ ಗಂಟನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಬೇಕಾದರೆ ಇದನ್ನೂ ತೂಗಿ ನೋಡಿ ಎಂದು ಕೈಮುಗಿದೆ. ಬೆಳ್ಳಿ ತೂಗುವ ಅಧಿಕಾರ ತಮಗಿಲ್ಲ ಎಂದರು. ಮೂರು ತಿಂಗಳಿಂದ ಅದನ್ನೇ ಅಲ್ಲವೇ ತಾವು ತೂಗುತ್ತಾ ಬಂದದ್ದು? ಮಧ್ಯಾಹ್ನದೊಳಗೆ ತಕ್ಕಡಿಗೆ ಗೋಣಿ ಸುತ್ತಿ ರಿಪೇರಿಗೆ ಕಳಿಸಿದರು.

ಹೇಳಿ ಮಾನ್ಯರೇ, ಸತ್ಯ ಹೇಳಿದ ತಕ್ಕಡಿಗೆ ಚಿಕಿತ್ಸೆ, ಸುಳ್ಳು ಹೇಳಿದ ಕಾರ್ಡಿಗೆ ಗೌರವ, ಇದು ಯಾವ ವೈದ್ಯಶಾಸ್ತ್ರ? ಸೊರಗಿದ ಕೂಸನ್ನು ಕಣ್ಣಿನಿಂದ ನೋಡಬಾರದೆಂಬ ನಿಯಮವೇನಾದರೂ ಇದೆಯೇ? ನಾವಿರುವ ಚಾಳಿನ ಮನೆಗಳಲ್ಲೇ ಕಾಲ್ಗಡಗದ ಬಲದಿಂದ ಆರೋಗ್ಯವಂತರಾಗಿರುವ ಮಕ್ಕಳು ಇನ್ನೂ ನಾಲ್ವರಿದ್ದಾರೆ. ಅವರ ಕಾರ್ಡುಗಳೂ ಛಾನ್ ಆಗಿವೆ.

ಈಗ ನನ್ನ ಬೇಡಿಕೆ. ತಕ್ಕಡಿ ಬರುವವರೆಗೂ ಕಾಯಿಸದೆ, ಬರುವ ಗುರುವಾರವೇ ಡಾಕ್ಟರು ಸತ್ಯಭಾಮಾಳನ್ನು ನೋಡಲಿ. ಅವಳ ಹಳೆಯ ಕಾರ್ಡನ್ನು ರದ್ದುಮಾಡಿ ಹೊಸದನ್ನು ಕೊಡಿ. ತಕ್ಕಡಿಯ ಪಕ್ಕ ಒಂದು ಬುಟ್ಟಿ ಇಡಿಸಿ, ಮೈಮೇಲಿನದನ್ನೆಲ್ಲ ಅದಕ್ಕೆ ಹಾಕಿಸಿ, ಕೂಸನ್ನಷ್ಟೇ ತೂಗಿ. ಬುಟ್ಟಿ ಕಾಯಲು ಆಳಿಲ್ಲ ಎನ್ನಬೇಡಿ. ಕಾಳವ್ವ ಪ್ರತಿ ಮಂಗಳವಾರ ಬಂದು ಕೂರುತ್ತಾಳೆ. ಬಹಳ ಜಗಳದ ನಂತರ ಅವಳು ಒಪ್ಪಿದ್ದಾಳೆ, ಒಂದೇ ಷರತ್ತು: "ಟೊಂಕದಾಗ ಒಂದು ಕರೀ ದಾರ ಇರ್ಲಿ. ಅದರ ಭಾರ ನಾ ಹೊರ್ತೀನಿ."

ಅಲ್ಲಿಯವರೆಗೆ ಪ್ರತಿ ಭಾನುವಾರ ನಾನೇ ಪಾರ್ಸೆಲ್ ಕಾಟಾದ ಮೇಲೆ ಅವಳನ್ನು ತೂಗುತ್ತಿದ್ದೇನೆ. ನೀಲಗಂಗಾ ದಿನಕ್ಕೆ ಐದು ಸಲ ಬೇಳೆ ಅನ್ನ ಮಿದ್ದು, ತುಪ್ಪ ಹಾಕಿ ತಿನ್ನಿಸುತ್ತಿದ್ದಾಳೆ. ಮೊನ್ನೆ ನೂರು ಗ್ರಾಂ ಏರಿದೆ. ಆ ನೂರು ಗ್ರಾಮಿನಲ್ಲಿ ಬೆಳ್ಳಿ ಇಲ್ಲ ಮಾನ್ಯರೇ, ಅಷ್ಟೂ ಸತ್ಯಭಾಮಾಳೇ.

ಇಂತಿ,
ಲಾರಿಗಳನ್ನು ಬರೋಬರಿ ತೂಗಿ, ಮೊಮ್ಮಗಳನ್ನು ಮೂರು ತಿಂಗಳು ತಪ್ಪಾಗಿ ತೂಗಿಸಿದ
ಮುರುಗೆಪ್ಪ