ನೀನು ಕುಡಿಯದೆ ಇದ್ದ ದಿನ

ಹಾನುಬಾಳು
ಆಗಸ್ಟ್ ೨೦೦೨

ಪುಟ್ಟಸ್ವಾಮಣ್ಣನಿಗೆ ತಂಗಿ ಮಾದೇವಿಯ ನಮಸ್ಕಾರ.

ಹಾಸನದ ಆಸ್ಪತ್ರೆಯಲ್ಲಿ ನಿನಗೆ ಊಟ ಸೇರುತ್ತಿದೆಯೆಂದು ಅಮ್ಮ ಹೇಳಿದಳು. ಹೊಟ್ಟೆ ತಣ್ಣಗಾಯಿತು. ಆದರೆ ಮನಸ್ಸಿಗೆ ಏನೂ ಬಗೆಹರಿಯುತ್ತಿಲ್ಲ. ಎದುರಿಗೆ ಕೂತು ಕೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಕಲೇಶಪುರಕ್ಕೆ ನೀನು ಜೀಪು ಓಡಿಸುತ್ತಿದ್ದಾಗ, ಬಸುರಿ ಹೆಂಗಸರನ್ನು ಆಸ್ಪತ್ರೆಗೆ ಒಯ್ಯಬೇಕೆಂದರೆ ಊರವರು ನಿನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಗುಂಡಿಗಳ ನಡುವೆಯೂ ಕುಲುಕದಂತೆ ಓಡಿಸುವವನು ನೀನೊಬ್ಬನೇ. ಅಂಥ ನೀನು ಸಾರಾಯಿಗೆ ಬಿದ್ದೆ. ಮೊದಮೊದಲು ಸಂಜೆ, ಆಮೇಲೆ ಬೆಳಗ್ಗೆ ಮುಖ ತೊಳೆಯುವ ಮುಂಚೆಯೇ. ಒಮ್ಮೆ ಬಟ್ಟೆ ಒಗೆಯುತ್ತಿದ್ದ ನನ್ನ ಹತ್ತಿರ ಬಂದು, "ಯಾರೋ ಬೈತಾವ್ರೆ ಕಣವ್ವ, ನಿಂಗೆ ಕೇಳ್ತಿಲ್ವಾ?" ಎಂದೆ. ಕುಡಿದವನ ಮಾತೆಂದು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿನ್ನ ಏಟು ತಾಳದೆ ಅತ್ತಿಗೆ ತವರಿಗೆ ಹೊರಟು ನಿಂತಾಗ ದೇವರ ಮುಂದೆ ಆಣೆ ಇಟ್ಟು ಕುಡಿತ ಬಿಟ್ಟೆ. ಕೈ ನಡುಗಿತು, ಬೆವರು ಹರಿಯಿತು, ಆದರೂ ಸಾರಾಯಿ ಪ್ಯಾಕೆಟ್ ಮುಟ್ಟಲಿಲ್ಲ. ಬರುಬರುತ್ತಾ ನಡುಕ ನಿಂತಿತು. ಅಮ್ಮ ಮತ್ತೆ ನಗತೊಡಗಿದಳು. ಆಗಲೇ, ಒಂದು ಸಂತೆಯ ದಿನ, ಜನ ತುಂಬಿದ್ದ ಜೀಪನ್ನು ತಿರುವಿನಲ್ಲಿ ನಿಲ್ಲಿಸಿ, ಅದರಡಿಗೆ ತೆವಳಿ, ಯಾರೋ ಸಿಕ್ಕಿಕೊಂಡಿದ್ದಾರೆ, ಎಳೆಯಿರಿ ಎಂದು ಗೋಳಾಡಿದೆಯಂತೆ. ಎದುರಿನ ಲಾರಿಯವನು ಬ್ರೇಕ್ ಹಾಕಿದ್ದರಿಂದ ಎಲ್ಲರೂ ಉಳಿದಿರಿ. ನಿನ್ನನ್ನು ಮನೆಗೆ ಕರೆತಂದ ಪಕ್ಕದ ಮನೆಯ ಲಿಂಗಪ್ಪಣ್ಣ, "ಮತ್ತೆ ಶುರು ಹಚ್ಕೊಂಬುಟ್ಟ" ಎಂದ. ನಾನು ನಿನ್ನ ಬಾಯಿಯ ಹತ್ತಿರ ಬಂದು ಮೂಸಿದೆ. ಬೀಡಿ, ಡೀಸೆಲ್, ಬೆವರು. ಸಾರಾಯಿಯ ವಾಸನೆ ಇರಲಿಲ್ಲ. ಆಗ ನನಗೆ, ಕುಡಿದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು. ಯಾವ ತಂಗಿಗಾದರೂ ಹಾಗನ್ನಿಸುವುದುಂಟೇ?

ಆಸ್ಪತ್ರೆಗೆ ಸೇರಿಸಿದ ದಿನ ಡಾಕ್ಟರಮ್ಮನಿಗೆ ನೀನು, "ಕುಡುದ್ರೆ ಅವ್ರು ಸುಮ್ಕಾಯ್ತಾರೆ ಮೇಡಂ, ಆಮೇಕೆ ಇನ್ನೂ ಜೋರಾಗಿ ಬತ್ತಾರೆ" ಎಂದೆ. ಇರುವುದು ಎರಡು ಕಾಯಿಲೆ, ಕುಡಿತ ಒಂದು, ಇಲ್ಲದ ದನಿ ಕೇಳಿಸುವುದು ಒಂದು, ಒಂದು ಇನ್ನೊಂದನ್ನು ಬೆಳೆಸುತ್ತದೆ, ಎರಡಕ್ಕೂ ಒಟ್ಟಿಗೇ ಔಷಧಿ ಆಗಬೇಕು ಎಂದರು ಅವರು. ಮೊದಲು ಬಂದದ್ದು ಯಾವುದೆಂದು ಕೇಳಿದೆ. ಈಗಲೇ ಹೇಳಲಾಗದಂತೆ.

ಹಾಗಾದರೆ ಅತ್ತಿಗೆಯ ಮೇಲೆ ಕೈ ಮಾಡಿದವರು ಯಾರಣ್ಣ? ನೀನೋ, ಸಾರಾಯಿಯೋ, ಆ ದನಿಗಳೋ? ಯಾರ ಮೇಲೆ ಸಿಟ್ಟಾಗಲಿ? ಅತ್ತಿಗೆಗೆ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ತಿಳಿಸಿದೆ. ಪೂರ್ತಿ ಕೇಳಿಸಿಕೊಂಡು, "ಇರ್ಬೋದು. ಆದ್ರೆ ಏಟು ಬಿದ್ದಿದ್ದು ನಂಗೆ ತಾನೆ ಮಾದೇವಿ" ಎಂದಳು. ಅವಳ ಮಾತೂ ಸರಿ. ಡಾಕ್ಟರಮ್ಮನ ಮಾತೂ ಸರಿ. ಎರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳಬೇಕೋ ನನಗೆ ತಿಳಿಯುತ್ತಿಲ್ಲ.

ನೀನು ಆಸ್ಪತ್ರೆ ಸೇರಿದ ಮೇಲೆ ಹೋದ ಅತ್ತಿಗೆ ಸದ್ಯಕ್ಕೆ ಕೆ. ಹೊಸಕೋಟೆಯ ತವರಲ್ಲೇ ಇರುತ್ತಾಳೆ. ನೀನು ಹೋಗಿ ಕರೆಯಬೇಡ, ಅವಳಿಗೆ ಅನ್ನಿಸಿದಾಗ ಬರಲಿ. ಡಾಕ್ಟರಮ್ಮ ಹೇಳುವವರೆಗೆ ಜೀಪಿನ ಕೀಲಿಯನ್ನೂ ಕೊಡುವುದಿಲ್ಲ. ಬೇಕಾದರೆ ನನ್ನ ಮೇಲೆ ಕೋಪ ಮಾಡಿಕೋ.

ಸೋಮವಾರ ನಿನ್ನನ್ನು ಕರೆತರಲು ನಾನೇ ಬರುತ್ತೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕ ನೀನು ಕೂರು. ನಡುದಾರಿಯಲ್ಲಿ ಭಯವಾಗಿ ಇಳಿಯಬೇಕೆನ್ನಿಸಿದರೆ ಹೇಳು, ನಾನೂ ಜೊತೆಗೆ ಇಳಿಯುತ್ತೇನೆ. ಮುಂದಿನ ಬಸ್ಸಿಗೆ ಹೋದರಾಯಿತು.

ನಿನ್ನ ತಲೆಯೊಳಗೆ ಒಂದಿಷ್ಟು ನೆಮ್ಮದಿ ಇಳಿಯಲಿ ಎಂದು ಬೇಡುತ್ತಾ,

ನಿನ್ನ ತಂಗಿ
ಮಾದೇವಿ