ಸಿನಿಮಾದಲ್ಲಿ ಅವ್ವ ಸುಟ್ಟ ಪದಗಳು

ಅಪ್ಪಾ,

ನಿನ್ನ ಕಥೆ ಸಿನಿಮಾ ಆಗಿದೆ. ಮೊನ್ನೆ ಚಳ್ಳಕೆರೆಯ ಟೆಂಟಿನಲ್ಲಿ ಅವ್ವನ ಪಕ್ಕ ಕೂತು ನೋಡಿದೆ. ಪರದೆಯ ಮೇಲೆ ನೀನು ಶಾಲು ಹೊದ್ದು, ಮರದಡಿ ವೀಣೆ ನುಡಿಸುತ್ತಿದ್ದೆ. ಮೊಳಕಾಲ್ಮುರಿನ ನೇಕಾರನಿಗೆ ವೀಣೆ ಎಲ್ಲಿಂದ ಬರಬೇಕು? ನೀನು ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ತುಳಿತದ ಲೆಕ್ಕಕ್ಕೇ ಕೀರ್ತನೆ ಕಟ್ಟಿದವನು. ಎಳೆ ಹರಿದರೆ ಪದವೂ ಅಲ್ಲೇ ನಿಲ್ಲುತ್ತಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಆಮೇಲೆ ಅವ್ವ ಬಂದಳು, ಅಂದರೆ ಅವ್ವನ ವೇಷದವಳು. ನೀನು ಬರೆದ ಹಾಳೆಗಳನ್ನು ಕಿತ್ತು ಒಲೆಗೆ ಹಾಕಿದಳು. ಟೆಂಟಿನ ಜನವೆಲ್ಲ ಶಾಪ ಹಾಕಿದರು. ನನ್ನ ಪಕ್ಕದಲ್ಲಿದ್ದ ಅವ್ವ ಸೆರಗು ಸರಿಮಾಡಿಕೊಂಡು ನೋಡುತ್ತಿದ್ದಳು. ಸಿನಿಮಾದವರನ್ನು ಬೈದು ಏನು ಪ್ರಯೋಜನ? ಊರವರು ಹೇಳಿದ್ದನ್ನೇ ಅವರು ತೆಗೆದರು. ಊರಿಗೆ ಹಾಗೆ ಹೇಳಿದವಳು ಅವ್ವನೇ.

ನನ್ನ ಮದುವೆ ಗೊತ್ತಾದ ವರ್ಷ ನೆನಪಿದೆಯಾ? ಸಾಹುಕಾರರಿಗೆ ಕಳಿಸುವ ಸೀರೆಗಳನ್ನು ಮಡಿಸುವುದು ನನ್ನ ಕೆಲಸ. ಜರಿಗೆ ಜರಿ ಉಜ್ಜಬಾರದೆಂದು ಮಡಿಕೆಯ ನಡುವೆ ಹಳೇ ಕಾಗದ ಇಡುತ್ತಿದ್ದೆವಲ್ಲ. ಅವತ್ತು ಕಾಗದ ಸಾಲಲಿಲ್ಲ. ಗೋಡೆಯ ಗೂಡಿನಲ್ಲಿದ್ದ ಹಾಳೆಗಳನ್ನು ತೆಗೆದುಕೊಂಡೆ. ಆಗ ನನಗೆ ಓದು ಬರುತ್ತಿರಲಿಲ್ಲ, ಅಕ್ಷರ ಕಲಿತದ್ದು ಗಂಡನ ಮನೆಗೆ ಹೋದ ಮೇಲೆ. ನಿನ್ನ ಪದಗಳು ಸೀರೆಗಳ ಹೊಟ್ಟೆಯಲ್ಲಿ ಕೂತು ಬಳ್ಳಾರಿ ಕಡೆ ಹೋದವು.

ನೀನು ಮನೆಯೆಲ್ಲ ತಡಕಾಡಿದೆ. ನನ್ನ ಮುಖ ನೋಡಿಯೇ ತಿಳಿದುಕೊಂಡ ಅವ್ವ, ನಾನು ಬಾಯಿ ತೆರೆಯುವ ಮೊದಲೇ, ಒಲೆಗೆ ಹಾಕಿದೆ ಅಂದುಬಿಟ್ಟಳು. ನಾನು ಸುಮ್ಮನಿದ್ದೆ. ಅವತ್ತಿನಿಂದ ನೀನು ಅವಳ ಜೊತೆ ಮಾತು ಬಿಟ್ಟೆ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ನೀರು ಬೇಕಾದರೂ ನನ್ನನ್ನೇ ಕರೆಯುತ್ತಿದ್ದೆ. ಆಗಲಾದರೂ ನಾನು...

ಸಿನಿಮಾ ಮುಗಿಸಿ ವಾಪಸು ಬರುವಾಗ ಗಾಡಿ ಬಿ.ಜಿ. ಕೆರೆ ದಾಟಿತ್ತು. ಅವತ್ತು ಯಾಕೆ ಹಾಗೆ ಹೇಳಿದೆ ಅಂತ ಅವ್ವನನ್ನು ಕೊನೆಗೂ ಕೇಳಿದೆ.

"ನಿನ್ ಮದ್ವೆ ಹತ್ರ ಇತ್ತು. ನಿಮ್ಮಪ್ಪ ನಿನ್ ಮಕ ನೋಡಲ್ಲ ಅಂದಿದ್ರೆ ಧಾರೆ ಯಾರು ಎರೀತಿದ್ರು?" ಅಂದಳು. ಮತ್ತೆ ಹೇಳಿದಳು: "ಪದ ಹೋದ್ರೆ ಇನ್ನೊಂದು ಕಟ್ತಾರೆ ಅಂದ್ಕಂಡೆ. ಮಾತೇ ಬಿಡ್ತಾರೆ ಅಂತ ಗೊತ್ತಿರ್ಲಿಲ್ಲ."

ನನಗೆ ಅಳುವೂ ಬರಲಿಲ್ಲ ಅಪ್ಪಾ. ನಾಳೆ ಭಜನೆ ಮನೆಯಲ್ಲಿ ಎಲ್ಲರ ಮುಂದೆ ಹೇಳುತ್ತೇನೆ: ಅವಳು ಸುಡಲಿಲ್ಲ, ನಾನು ಮಡಿಸಿಟ್ಟೆ. ನೀನು ಅವಳ ಕನಸಿಗೆ ಬಂದರೆ, ಒಂದು ಸಲ ಮಾತಾಡಿಸು.