ಮಜ್ಜಿಗೆ ಪರೀಕ್ಷೆ

ಭಾನುವಾರ, ನವೆಂಬರ್ 16. ಆದೋನಿ.

ನನ್ನ ಸೊಂಟ ಬಗ್ಗುತ್ತಿಲ್ಲ. ತುಂಬು ಬಸುರಿ ಮಗಳು ಚೇತನಾಳನ್ನು ನಾಳೆ ಮದ್ದಿಕೇರದಿಂದ ಹೆರಿಗೆಗೆ ಕರೆತರಬೇಕು. “ಅಪ್ಪಾ, ಆ ಡಬ್ಬಾ ಕಾರಿನ್ಯಾಗ ಕುಂತ್ರ ದಾರಿಯಾಗೇ ಹಡೀತೀನಿ” ಎಂದು ಫೋನಿನಲ್ಲಿ ಹೆದರಿಸಿದ್ದಳು. ಅದಕ್ಕೇ ಇವತ್ತು ಅಂಗಳದಲ್ಲಿ ಕಾರಿಗೆ ಜಾಕ್ ಕೊಟ್ಟು, ಕುಲುಕಾಟ ತಡೆಯುವ ರಬ್ಬರ್ ಬಳೆಗಳನ್ನು, ಅಂದರೆ ಸವೆದ ಸಸ್ಪೆನ್ಷನ್ ಬುಷ್‌ಗಳನ್ನು, ನಾನೇ ಬಿಚ್ಚಿದೆ. ಹೊಸ ಬುಷ್ ಒಳಗೆ ಹೋಗಲೇ ಒಲ್ಲದು. ಸುತ್ತಿಗೆಯ ಏಟು ಅದಕ್ಕಿಂತ ನನ್ನ ಹೆಬ್ಬೆರಳಿಗೇ ಹೆಚ್ಚು ಬಿತ್ತು. ಹೆಂಡತಿ ಹೇಮಾವತಿ ಬಂದು ನೋಡಿ, “ಕೈಗೆ ಬಿಗಿ ಬಳಿ ಹೆಂಗ ಏರಸ್ತಾರ? ಸೋಪು ಹಚ್ರಿ” ಎಂದಳು. ಹಚ್ಚಿದೆ. ಸರ್ರನೆ ಕೂತಿತು.

ಸಂಜೆ ಪರೀಕ್ಷೆಗೆ ಹೊರಟೆವು. ಮಜ್ಜಿಗೆ ತುಂಬಿದ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಕೆ ಹಿಂದೆ ಕೂತಳು. ಆಸ್ಪರಿ ರಸ್ತೆಯ ಗುಂಡಿಗಳನ್ನೆಲ್ಲ ಹುಡುಕಿ ಹುಡುಕಿ ಹಾಯಿಸಿದೆ. ಮನೆಗೆ ಬಂದು ನೋಡಿದರೆ ಸೀರೆಯ ಮೇಲೆ ಒಂದು ಹನಿಯೂ ಇಲ್ಲ! ಕುಣಿಯುವಷ್ಟು ಖುಷಿಯಾಗಿ ಮಗಳಿಗೆ ಫೋನ್ ಮಾಡಿದೆ.

“ತುಂಬಿದ ತಂಬಿಗಿ ತುಳುಕಿಲ್ಲವ್ವಾ!”

“ಹಂಗಾದ್ರ ಬರ್ತೀನಪ್ಪಾ.”

ಫೋನಿಟ್ಟ ಮೇಲೆ ಹೇಮಾವತಿ ಮೆಲ್ಲಗೆ ಹೇಳಿದಳು: “ತುಳುಕೂದೆಲ್ಲಿ ಬಂತ್ರಿ? ಮೊದಲ್ನೇ ಗುಂಡಿ ಕಂಡಾಗ್ಲೇ ಹೆದ್ರಿ ಪೂರಾ ಕುಡದುಬಿಟ್ಟೆ.”

ಕಾರು ಕಿರ್ರೆನ್ನಲಿಲ್ಲ, ಅದಂತೂ ನಿಜ. ಮಗಳಿಗೆ ಇನ್ನೊಮ್ಮೆ ಫೋನ್ ಮಾಡಿ ಮಜ್ಜಿಗೆ ಕುಡಿದ ಸಂಗತಿ ಹೇಳಿಬಿಡಲೇ, ಇಲ್ಲ ನಾಳೆ ಅವಳು ಕಾರು ಹತ್ತಿ ಕೂತ ಮೇಲೆ…